ಆದೇಶ ಕೈಯಲ್ಲಿದೆ, ಕೌಂಟರಿನಲ್ಲಿ ಬೆಲೆಯಿಲ್ಲ: ಪೋಷಕ ತಾಯಿಯೊಬ್ಬಳಿಂದ ಮುಖ್ಯ ಕಾರ್ಯದರ್ಶಿಗಳಿಗೆ ಬಹಿರಂಗ ಪತ್ರ

ಕರ್ನಾಟಕ ಸರ್ಕಾರದ ಮುಖ್ಯ ಕಾರ್ಯದರ್ಶಿಗಳಿಗೆ,
ವಿಧಾನಸೌಧ, ಬೆಂಗಳೂರು

ಮಾನ್ಯರೇ,

ಮಕ್ಕಳ ವಿಷಯವಾದ್ದರಿಂದ ಈ ಪತ್ರ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಗೆ ಹೋಗಬೇಕಿತ್ತಲ್ಲ ಎಂದು ನಿಮಗೆ ಅನ್ನಿಸಬಹುದು. ನಾನು ಕೇಳುತ್ತಿರುವುದು ಆ ಒಂದು ಇಲಾಖೆಯ ಕೈಯಲ್ಲಿ ಇಲ್ಲ. ಶಾಲಾ ಶಿಕ್ಷಣ, ಆರೋಗ್ಯ, ಕಂದಾಯ, ಆಹಾರ ಇಲಾಖೆಗಳಿಗೆ ಒಂದೇ ಮಾತನ್ನು ಒಂದೇ ದಿನ ಹೇಳಬಲ್ಲವರು ಈ ರಾಜ್ಯದಲ್ಲಿ ನೀವೊಬ್ಬರು. ಆದ್ದರಿಂದ ನಿಮಗೇ ಬರೆಯುತ್ತಿದ್ದೇನೆ. ಬಹಿರಂಗವಾಗಿ ಬರೆಯುವುದಕ್ಕೂ ಕಾರಣವಿದೆ: ಇದನ್ನು ಓದುವ ನಾಲ್ಕು ಮನೆಯವರಿಗಾದರೂ ಹೆತ್ತವರ ಬಳಿ ಇರಲಾಗದ ಮಗುವನ್ನು ಮನೆಗೆ ಕರೆತಂದು ಬೆಳೆಸುವ ಪೋಷಕತ್ವ ಎಂಬ ದಾರಿಯೊಂದು ಇದೆ ಎಂದು ಗೊತ್ತಾಗಲಿ.

ನಾನು ಪ್ರೌಢಶಾಲಾ ಶಿಕ್ಷಕಿ. ಮಗ ಕೆಲಸ ಹಿಡಿದು ಬೇರೆ ಊರಿಗೆ ಹೋದ ಮೇಲೆ ನಾನೂ ನನ್ನ ಪತಿಯೂ ಮಕ್ಕಳ ಕಲ್ಯಾಣ ಸಮಿತಿಯ ಆದೇಶದ ಮೇರೆಗೆ ಒಬ್ಬ ಹುಡುಗಿಯನ್ನು ಪೋಷಕತ್ವದಲ್ಲಿ ಮನೆಗೆ ಕರೆತಂದೆವು. ಅವಳ ಹೆಸರನ್ನಾಗಲಿ, ಊರನ್ನಾಗಲಿ ಇಲ್ಲಿ ಬರೆಯುವುದಿಲ್ಲ. ಬಾಲನ್ಯಾಯ ಕಾಯ್ದೆಯ 74ನೇ ಕಲಂ ಅದನ್ನು ನಿಷೇಧಿಸುತ್ತದೆ. ನಿಷೇಧ ಇಲ್ಲದಿದ್ದರೂ ನಾನು ಬರೆಯುತ್ತಿರಲಿಲ್ಲ. ಅದೇ ಕಾರಣಕ್ಕೆ ಪತ್ರದ ಕೆಳಗೆ ನನ್ನ ಹೆಸರೂ ಇರುವುದಿಲ್ಲ.

ಪೋಷಕತ್ವ ಎಂದರೆ ದತ್ತು ಎಂದೇ ಬಹಳ ಜನ ತಿಳಿದಿದ್ದಾರೆ. ನಮ್ಮ ನೆಂಟರೂ ಹಾಗೆಯೇ ತಿಳಿದು ನಾಮಕರಣ ಯಾವಾಗ ಎಂದು ಕೇಳಿದರು. ದತ್ತು ತೆಗೆದುಕೊಂಡ ಮಗು ಕಾಯಮ್ಮಾಗಿ ಆ ಮನೆಯ ಮಗು. ಹಳೆಯ ಮನೆಯ ಸಂಬಂಧ ಕಾನೂನಿನ ಲೆಕ್ಕದಲ್ಲಿ ಅಲ್ಲಿಗೆ ಮುಗಿಯುತ್ತದೆ. ಪೋಷಕತ್ವದಲ್ಲಿ ಹಾಗಲ್ಲ. ಅಪ್ಪ ಜೈಲಿನಲ್ಲಿದ್ದಾನೆ, ಅಮ್ಮ ವರ್ಷಗಟ್ಟಲೆ ಚಿಕಿತ್ಸೆಯಲ್ಲಿದ್ದಾಳೆ, ಅಥವಾ ಮನೆಯವರಿಂದಲೇ ಮಗುವಿಗೆ ಅಪಾಯವಿದೆ ಎನ್ನೋಣ. ಇಂಥ ಮಗುವನ್ನು ಮನೆಗೆ ಕಳಿಸುವ ಹಾಗಿಲ್ಲ. ಹೆತ್ತವರು ಇದ್ದಾರೆ, ಹಕ್ಕು ಬಿಟ್ಟುಕೊಟ್ಟಿಲ್ಲ, ಆದ್ದರಿಂದ ದತ್ತು ಕೊಡಲೂ ಬರುವುದಿಲ್ಲ. ಉಳಿಯುವುದು ಬಾಲಮಂದಿರ. ಆರೋ ಏಳೋ ವರ್ಷಕ್ಕೆ ಒಳಗೆ ಹೋದ ಮಗು ಹದಿನೆಂಟು ತುಂಬಿದ ಮೇಲೆ ಹೊರಗೆ ಬರುವುದುಂಟು. ಮಗುವನ್ನು ಸಂಸ್ಥೆಯಲ್ಲಿ ಇಡುವುದು ಸೂಕ್ತ ವಿಚಾರಣೆ ನಡೆಸಿದ ನಂತರದ ಕೊನೆಯ ಉಪಾಯವಾಗಬೇಕು ಎಂದು 2015ರ ಬಾಲನ್ಯಾಯ ಕಾಯ್ದೆ ತನ್ನ 3ನೇ ಕಲಮಿನಲ್ಲೇ ಹೇಳಿದೆ. ಅದೇ ಕಾಯ್ದೆಯ 44ನೇ ಕಲಂ, ರಕ್ತಸಂಬಂಧವಿಲ್ಲದ ಯೋಗ್ಯ ಕುಟುಂಬವೊಂದು ಇಂಥ ಮಗುವನ್ನು ಸ್ವಲ್ಪ ಕಾಲಕ್ಕೋ ದೀರ್ಘ ಕಾಲಕ್ಕೋ ತನ್ನ ಮನೆಯಲ್ಲಿ ಇಟ್ಟುಕೊಂಡು ಬೆಳೆಸುವುದಕ್ಕೆ ಅವಕಾಶ ಕೊಡುತ್ತದೆ.

ಬಾಲಮಂದಿರದ ಸಿಬ್ಬಂದಿಯನ್ನು ದೂರುವುದು ನನ್ನ ಉದ್ದೇಶವಲ್ಲ. ಕಡಿಮೆ ಜನ, ಹೆಚ್ಚು ಮಕ್ಕಳು. ಅವರು ಮಾಡುವಷ್ಟು ಮಾಡುತ್ತಾರೆ. ಆದರೆ ನಮ್ಮ ಹುಡುಗಿ ಬಂದ ಹೊಸತರಲ್ಲಿ ಒಂದು ಸಂಜೆ ಹೊಸ ಫ್ರಾಕನ್ನು ನೆಲದ ಮೇಲೆ ಹರಡಿಕೊಂಡು, ನನ್ನ ಮೇಜಿನಿಂದ ಬಾಲ್ ಪೆನ್ ತೆಗೆದುಕೊಂಡು, ಕೊರಳಪಟ್ಟಿಯ ಒಳಬದಿಯಲ್ಲಿ ಬಹಳ ಎಚ್ಚರಿಕೆಯಿಂದ 17 ಎಂದು ಬರೆಯುತ್ತಿದ್ದಳು. ಏನಿದು ಎಂದು ಕೇಳಿದೆ. ಒಗೆಯಲು ಹಾಕಿದಾಗ ಕಳೆದುಹೋಗಬಾರದಲ್ಲ ಎಂದಳು. ಬಾಲಮಂದಿರದಲ್ಲಿ ಅವಳ ಬಟ್ಟೆ, ತಟ್ಟೆ, ಲೋಟ ಎಲ್ಲದರ ಮೇಲೂ ಅದೇ ಸಂಖ್ಯೆ ಇತ್ತು. ನಮ್ಮ ಮನೆಯಲ್ಲಿ ಫ್ರಾಕು ಹಾಕುವವಳು ನೀನೊಬ್ಬಳೇ ಎಂದು ನನ್ನ ಪತಿ ಹೇಳಿದಾಗ ಅವಳು ತುಸು ಹೊತ್ತು ಯೋಚಿಸಿ, ಹಾಗಾದರೆ ಹೆಸರು ಬರೆಯಲೇ ಎಂದು ಕೇಳಿದಳು.

ಪೋಷಕರಾಗುವ ಪ್ರಕ್ರಿಯೆ ಕಟ್ಟುನಿಟ್ಟಾಗಿದೆ, ಹಾಗೆ ಇರಲೇಬೇಕು. ಜಿಲ್ಲಾ ಮಕ್ಕಳ ರಕ್ಷಣಾ ಘಟಕದ ಸಮಾಜ ಕಾರ್ಯಕರ್ತೆ ಮನೆಗೆ ಬಂದು ನೋಡಿದರು. ಆದಾಯದ ದಾಖಲೆ, ವೈದ್ಯಕೀಯ ಪ್ರಮಾಣಪತ್ರ, ಪೊಲೀಸ್ ಪರಿಶೀಲನೆ, ನಮ್ಮನ್ನು ಬಲ್ಲವರ ಹೇಳಿಕೆ ಎಲ್ಲವನ್ನೂ ಪಡೆದರು. ನಮ್ಮ ಮಗನಿಗೆ ಫೋನು ಮಾಡಿ, ನಿನಗೆ ಇದು ಒಪ್ಪಿಗೆಯೇ ಎಂದು ಕೇಳಿದರು. ಕೋಪ ಬಂದರೆ ಏನು ಮಾಡುತ್ತೀರಿ, ಮಗು ಸುಳ್ಳು ಹೇಳಿದರೆ ಏನು ಮಾಡುತ್ತೀರಿ, ಅವಳ ತಾಯಿ ಗುಣವಾಗಿ ಬಂದು ಕೇಳಿದ ದಿನ ಏನು ಮಾಡುತ್ತೀರಿ ಎಂದೆಲ್ಲ ಕೇಳಿದರು. ಕೊನೆಯ ಪ್ರಶ್ನೆಗೆ ನನ್ನ ಪತಿ ಉತ್ತರ ಕೊಡಲು ಬಹಳ ಸಮಯ ತೆಗೆದುಕೊಂಡರು. ಆ ಕಾರ್ಯಕರ್ತೆ ಅವಸರ ಮಾಡಲಿಲ್ಲ. ಮುಂದೆ ಸಮಿತಿ ನಮ್ಮನ್ನೂ ಮಗುವನ್ನೂ ಬೇರೆ ಬೇರೆಯಾಗಿ ಮಾತನಾಡಿಸಿತು. ಇವರ ಜೊತೆ ಹೋಗುತ್ತೀಯಾ ಎಂದು ಅವಳನ್ನು ಕೇಳಿ, ಅವಳ ಉತ್ತರವನ್ನು ಬರೆದುಕೊಂಡ ಮೇಲೆಯೇ ಆದೇಶವಾದದ್ದು.

ಇಲ್ಲಿಂದ ಮುಂದೆ ನಾನು ಹೇಳುವುದನ್ನು ದಯವಿಟ್ಟು ಗಮನವಿಟ್ಟು ಓದಬೇಕು.

ಮಕ್ಕಳ ಕಲ್ಯಾಣ ಸಮಿತಿ ಒಂದು ಸಲಹಾ ಮಂಡಳಿಯಲ್ಲ. ಒಬ್ಬ ಅಧ್ಯಕ್ಷರೂ ನಾಲ್ವರು ಸದಸ್ಯರೂ ಇರುವ ಈ ಸಮಿತಿಗೆ ಕಾಯ್ದೆಯ 27ನೇ ಕಲಂ ಪ್ರಥಮ ದರ್ಜೆ ನ್ಯಾಯಿಕ ದಂಡಾಧಿಕಾರಿಯ ಅಧಿಕಾರ ಕೊಟ್ಟಿದೆ. ಅಂಥ ಪೀಠದ ಮುದ್ರೆ ಬಿದ್ದ ಆದೇಶ ನಮ್ಮ ಕೈಯಲ್ಲಿದೆ. ಪೋಷಕ ಕುಟುಂಬವು ಮಗುವಿಗೆ ಶಿಕ್ಷಣ, ಆರೋಗ್ಯ, ಪೌಷ್ಟಿಕ ಆಹಾರ ಒದಗಿಸುವ ಹೊಣೆ ಹೊರಬೇಕು ಎಂದು 44ನೇ ಕಲಂ ಹೇಳುತ್ತದೆ. ಹೊಣೆಯನ್ನು ನಾವು ಸಂತೋಷದಿಂದ ಹೊತ್ತೆವು. ಆ ಹೊಣೆಯನ್ನು ನಿಭಾಯಿಸಲು ನಾವು ಹೋಗಿ ನಿಂತ ಕೌಂಟರುಗಳಲ್ಲಿ ಈ ಆದೇಶವನ್ನು ಹಿಂದೆಂದೂ ನೋಡಿದವರೇ ಇರಲಿಲ್ಲ.

ಮೊದಲು ಒಂದು ಶಾಲೆ. ಅಲ್ಲಿಯ ಗುಮಾಸ್ತರು ಆದೇಶವನ್ನು ಎರಡೂ ಬದಿ ತಿರುಗಿಸಿ ನೋಡಿ, ದತ್ತುಪತ್ರ ತನ್ನಿ ಎಂದರು. ದತ್ತು ಅಲ್ಲ, ಪೋಷಕತ್ವ ಎಂದೆ. ಹಾಗಾದರೆ ತಂದೆಯ ಸಹಿ ಬೇಕು ಎಂದರು. ತಂದೆ ಸಹಿ ಹಾಕುವ ಸ್ಥಿತಿಯಲ್ಲಿ ಇಲ್ಲವೆಂದೇ ಈ ಆದೇಶ ಆಗಿದೆ ಎಂದು ವಿವರಿಸಿದೆ. ಅವರು ಕೇಳಿದರು: "ಯಾಕೆ, ಅವಳಪ್ಪ ಏನು ಮಾಡಿದ್ದಾನೆ?" ಹುಡುಗಿ ನನ್ನ ಪಕ್ಕದಲ್ಲೇ ನಿಂತಿದ್ದಳು. ಗೋಡೆಯ ಮೇಲಿದ್ದ ಬಿಸಿಯೂಟದ ಪಟ್ಟಿಯನ್ನು ಓದುವವಳಂತೆ ತಲೆ ಎತ್ತಿದ್ದಳು, ಕಣ್ಣು ಮಾತ್ರ ಒಂದೇ ಸಾಲಿನ ಮೇಲೆ ನಿಂತುಬಿಟ್ಟಿತ್ತು. ವರ್ಗಾವಣೆ ಪತ್ರ ತಡವಾಯಿತೆಂದು ಪ್ರವೇಶ ನಿರಾಕರಿಸುವಂತಿಲ್ಲ, ವಯಸ್ಸಿನ ದಾಖಲೆ ಇಲ್ಲವೆಂದು ನಿರಾಕರಿಸುವಂತಿಲ್ಲ ಎಂದು ಶಿಕ್ಷಣ ಹಕ್ಕು ಕಾಯ್ದೆ ಸ್ಪಷ್ಟವಾಗಿ ಹೇಳುತ್ತದೆ. ನಾನು ಶಿಕ್ಷಕಿಯಾದ್ದರಿಂದ ಅದು ನನಗೆ ಗೊತ್ತಿತ್ತು, ಧೈರ್ಯವಾಗಿ ಹೇಳಿದೆ, ಪ್ರವೇಶ ಸಿಕ್ಕಿತು. ಕಾಯ್ದೆ ಗೊತ್ತಿಲ್ಲದ, ಕಚೇರಿಯಲ್ಲಿ ದನಿಯೆತ್ತಿ ಮಾತನಾಡಿ ಅಭ್ಯಾಸವಿಲ್ಲದ ತಾಯಿಯೊಬ್ಬಳು ಅಲ್ಲಿ ನಿಂತಿದ್ದರೆ?

ಆಮೇಲೆ ಒಂದು ಆಸ್ಪತ್ರೆ. ಪೇರಲ ಮರದಿಂದ ಬಿದ್ದು ಮುಂಗೈ ಮುರಿದುಕೊಂಡಳು. ಅರಿವಳಿಕೆ ಕೊಟ್ಟು ಮೂಳೆ ಕೂರಿಸಬೇಕಿತ್ತು, ಅದಕ್ಕೆ ಒಪ್ಪಿಗೆ ಪತ್ರದ ಮೇಲೆ ಸಹಿ ಬೇಕಿತ್ತು. ನೀವು ಯಾರು ಎಂಬ ಪ್ರಶ್ನೆಗೆ ನಮ್ಮ ಉತ್ತರ ಅಲ್ಲಿ ಯಾರಿಗೂ ಸಾಕಾಗಲಿಲ್ಲ. ಹನ್ನೆರಡು ವರ್ಷದೊಳಗಿನ ಮಗುವಿನ ಹಿತಕ್ಕಾಗಿ ಒಪ್ಪಿಗೆ ಕೊಡುವ ಅಧಿಕಾರ ರಕ್ಷಕರಿಗಷ್ಟೇ ಅಲ್ಲ, ಮಗುವನ್ನು ಕಾನೂನುಬದ್ಧವಾಗಿ ತಮ್ಮ ವಶದಲ್ಲಿ ಇಟ್ಟುಕೊಂಡಿರುವವರಿಗೂ ಇದೆ. ಹಳೆಯ ದಂಡ ಸಂಹಿತೆಯಲ್ಲೂ ಹಾಗೆಯೇ ಇತ್ತು, ಈಗಿನ ಭಾರತೀಯ ನ್ಯಾಯ ಸಂಹಿತೆಯಲ್ಲೂ ಹಾಗೆಯೇ ಇದೆ. ನೋವಿನಿಂದ ಮಗು ಬೆವರುತ್ತಿರುವಾಗ ಯಾರು ತಾನೆ ಸಂಹಿತೆಯ ಪುಟ ತೆರೆದು ತೋರಿಸುತ್ತಾರೆ? ಮಕ್ಕಳ ರಕ್ಷಣಾಧಿಕಾರಿಗೆ ಫೋನು ಮಾಡಿದೆವು. ಆ ರಾತ್ರಿಯಲ್ಲೂ ಅವರು ಫೋನು ಎತ್ತಿದರು, ವೈದ್ಯರೊಂದಿಗೆ ಮಾತನಾಡಿದರು, ಕೆಲಸ ಆಯಿತು. ಅವರು ಎತ್ತದಿದ್ದರೆ ಏನಾಗುತ್ತಿತ್ತು ಎಂಬುದು ಒಬ್ಬ ಅಧಿಕಾರಿಯ ಒಳ್ಳೆಯತನದ ಮೇಲೆ ನಿಂತಿರಬಾರದು.

ಬ್ಯಾಂಕಿನ ಕಥೆಯನ್ನು ಚಿಕ್ಕದಾಗಿ ಹೇಳುತ್ತೇನೆ. ಹತ್ತು ವರ್ಷ ದಾಟಿದ ಮಕ್ಕಳು ತಾವೇ ಉಳಿತಾಯ ಖಾತೆ ತೆರೆಯಲು ಬ್ಯಾಂಕುಗಳು ಅವಕಾಶ ಕೊಡಬಹುದು ಎಂದು ರಿಸರ್ವ್ ಬ್ಯಾಂಕ್ 2025ರಲ್ಲಿ ತಿಳಿಸಿದೆ. ಅದಕ್ಕಿಂತ ಚಿಕ್ಕ ಮಕ್ಕಳಿಗೆ ಸಹಜ ರಕ್ಷಕರು ಇಲ್ಲವೇ ಕಾನೂನುಬದ್ಧ ರಕ್ಷಕರು ಬೇಕು. ಪೋಷಕ ತಾಯಿ ಇವೆರಡರಲ್ಲಿ ಯಾವುದು ಎಂದು ಕೌಂಟರಿನಲ್ಲಿ ಕೂತವರಿಗೆ ಯಾರೂ ಹೇಳಿಕೊಟ್ಟಿಲ್ಲ. ನಾಡಕಚೇರಿಯದು ಇನ್ನೂ ಸಿಕ್ಕಿನ ವಿಷಯ. ವಿದ್ಯಾರ್ಥಿವೇತನಕ್ಕೆ ಜಾತಿ ಮತ್ತು ಆದಾಯ ಪ್ರಮಾಣಪತ್ರ ಬೇಕು. ಜಾತಿ ಅವಳ ಹೆತ್ತವರದ್ದು; ಅದನ್ನು ಬದಲಿಸುವ ಹಕ್ಕು ನಮಗಿಲ್ಲ, ಬದಲಿಸಬಾರದು ಕೂಡ. ಆದಾಯ ಯಾರದ್ದು? ನಮ್ಮದನ್ನು ಬರೆದರೆ ಅವಳಿಗೆ ಹಕ್ಕಾಗಿ ಬರಬೇಕಾದ ಸೌಲಭ್ಯ ತಪ್ಪುತ್ತದೆ. ಹೆತ್ತವರದ್ದನ್ನು ತರೋಣವೆಂದರೆ ತರುವವರು ಯಾರು? ಪಡಿತರ ಚೀಟಿಯಲ್ಲಿ ಅವಳ ಹೆಸರು ಎಲ್ಲಿ ಇರಬೇಕು? ಆಧಾರ್‌ನಲ್ಲಿ ಇಂದಿಗೂ ಬಾಲಮಂದಿರದ ವಿಳಾಸವೇ ಇದೆ, ಆ ವಿಳಾಸ ಕಂಡ ಕಡೆಯೆಲ್ಲ ಮತ್ತೆ ಅದೇ ಪ್ರಶ್ನೆ, ಮತ್ತೆ ಮಗುವಿನ ಎದುರಿಗೇ.

ಮಗುವಿನ ಗುರುತನ್ನು ಬಯಲು ಮಾಡಿದವರಿಗೆ ಆರು ತಿಂಗಳವರೆಗೆ ಜೈಲು ಅಥವಾ ಎರಡು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ಅದೇ 74ನೇ ಕಲಂ ವಿಧಿಸುತ್ತದೆ. ಆ ಕಲಂ ಹೇಳುವುದು ಪತ್ರಿಕೆ, ಟಿವಿಯಂಥ ಮಾಧ್ಯಮಗಳ ಬಗ್ಗೆ. ಆದರೆ ಹತ್ತು ಜನ ಸಾಲಿನಲ್ಲಿ ನಿಂತಿರುವ ಕಿಟಕಿಯ ಮುಂದೆ ಅವಳ ತಂದೆಯ ಕಥೆಯನ್ನು ಹೇಳಿಸುವುದರಿಂದ ಆಗುವ ಗಾಯವೂ ಅಂಥದ್ದೇ.

ನನ್ನ ಬೇಡಿಕೆ ದೊಡ್ಡದಲ್ಲ. ನಿಮ್ಮ ಸಹಿಯ ಒಂದು ಸುತ್ತೋಲೆ ಬೇಕು. ಮಕ್ಕಳ ಕಲ್ಯಾಣ ಸಮಿತಿಯ ಪೋಷಕತ್ವ ಆದೇಶವನ್ನು ಶಾಲೆ, ಸರ್ಕಾರಿ ಆಸ್ಪತ್ರೆ, ನಾಡಕಚೇರಿ, ಆಹಾರ ಇಲಾಖೆಯ ಕಚೇರಿಗಳು ಸಾಕಷ್ಟು ದಾಖಲೆ ಎಂದು ಒಪ್ಪಬೇಕು, ಬೇರೆ ಸಹಿ ಕೇಳಬಾರದು, ಮಗು ಯಾಕೆ ಪೋಷಕತ್ವದಲ್ಲಿದೆ ಎಂದು ವಿಚಾರಿಸಲೇಬಾರದು ಎಂದು ಅದರಲ್ಲಿ ಇರಬೇಕು. ಬ್ಯಾಂಕುಗಳು ನಿಮ್ಮ ಅಧೀನದಲ್ಲಿಲ್ಲ, ನಿಜ. ರಾಜ್ಯಮಟ್ಟದ ಬ್ಯಾಂಕರುಗಳ ಸಮಿತಿಯ ಸಭೆಯಲ್ಲಿ ಇದನ್ನು ಎತ್ತಬಹುದು. ಇದರ ಜೊತೆಗೆ ಪ್ರತಿ ಪೋಷಕ ಕುಟುಂಬಕ್ಕೂ ಒಂದು ಗುರುತಿನ ಚೀಟಿ ಕೊಡಬೇಕು: ಮಗುವಿನ ಹೆಸರು, ಪೋಷಕರ ಹೆಸರು, ಆದೇಶದ ಸಂಖ್ಯೆ, ಅವಧಿ, ಸಮಿತಿಯ ಮುದ್ರೆ. ಹಿನ್ನೆಲೆಯ ಒಂದು ಸಾಲೂ ಅದರಲ್ಲಿ ಬೇಡ. ಮಕ್ಕಳ ಆನ್‌ಲೈನ್ ಅರ್ಜಿಗಳಲ್ಲಿ ತಂದೆ, ತಾಯಿ ಎಂಬ ಅಂಕಣಗಳ ಪಕ್ಕದಲ್ಲಿ ಪೋಷಕರು ಎಂಬ ಅಂಕಣವೊಂದು ಇರಲಿ.

ಹಣದ ವಿಷಯಕ್ಕೆ ಬರುತ್ತೇನೆ. ಮಕ್ಕಳ ರಕ್ಷಣೆಗೆಂದು ಇರುವ ಕೇಂದ್ರದ ಯೋಜನೆ ಮಿಷನ್ ವಾತ್ಸಲ್ಯದ 2022ರ ಮಾರ್ಗಸೂಚಿಯಂತೆ ಪೋಷಕತ್ವದಲ್ಲಿರುವ ಒಂದು ಮಗುವಿಗೆ ತಿಂಗಳಿಗೆ 4,000 ರೂಪಾಯಿ ನೆರವು ಇದೆ. ಅದಕ್ಕೂ ಮೊದಲು 2,000 ಇತ್ತು. ಸಂಬಳ ಬರುವ ನಮ್ಮಂಥ ಮನೆಗೆ ಇದು ಅಷ್ಟು ಮುಖ್ಯವಲ್ಲ. ಆದರೆ ಪೋಷಕತ್ವ ಸಂಬಳದಾರರ ಮನೆಗಳಿಗಷ್ಟೇ ಸೀಮಿತವಾಗಬಾರದು. ಮಕ್ಕಳನ್ನು ಸಾಕುವುದರಲ್ಲಿ ನನಗಿಂತ ಎಷ್ಟೋ ಪಾಲು ಗಟ್ಟಿಗರಾದ ಹೆಂಗಸರು ನಮ್ಮ ಓಣಿಯಲ್ಲೇ ಇದ್ದಾರೆ, ಹೊಲಿಗೆ ಮಾಡುತ್ತಾರೆ, ರೊಟ್ಟಿ ಬಡಿದು ಮಾರುತ್ತಾರೆ. ಅವರಿಗೆ ಈ 4,000 ಎಂದರೆ ಮಗುವಿನ ಹಾಲು, ಮೊಟ್ಟೆ, ಬಸ್ ಚಾರ್ಜು, ಕನ್ನಡಕ. ತಿಂಗಳ ನಿಗದಿತ ದಿನಕ್ಕೆ ಅದು ಖಾತೆಗೆ ಬೀಳುತ್ತದೆ ಎಂಬ ಭರವಸೆ ಇಲ್ಲದೆ ಅವರು ಮುಂದೆ ಬರಲಾರರು. 2023ರಲ್ಲಿ ಗೃಹಲಕ್ಷ್ಮಿ ಆರಂಭಿಸಿ ಅಷ್ಟೊಂದು ಹೆಂಗಸರ ಖಾತೆಗಳಿಗೆ ನೇರವಾಗಿ ಹಣ ಕಳಿಸುವ ವ್ಯವಸ್ಥೆ ಕಟ್ಟಿದ ರಾಜ್ಯ ನಮ್ಮದು. ಅದಕ್ಕೆ ಹೋಲಿಸಿದರೆ ಪೋಷಕ ಕುಟುಂಬಗಳು ಬೆರಳೆಣಿಕೆಯಷ್ಟು. ಕೇಂದ್ರದ ಮೊತ್ತದ ಮೇಲೆ ರಾಜ್ಯ ತನ್ನದೊಂದಿಷ್ಟು ಸೇರಿಸಿದರೂ ಬೊಕ್ಕಸಕ್ಕೆ ಹೊರೆಯಾಗದು.

ಹಣಕ್ಕಿಂತ ನಮಗೆ ಹೆಚ್ಚು ಬೇಕಾದದ್ದು ಆಪ್ತಸಮಾಲೋಚಕರು. ಪೋಷಕ ಮನೆಗಳನ್ನು ತಿಂಗಳಿಗೊಮ್ಮೆ ಪರಿಶೀಲಿಸಬೇಕೆಂದು ಕಾಯ್ದೆ ಹೇಳುತ್ತದೆ. ಪರಿಶೀಲನೆ ಮಗುವಿನ ರಕ್ಷಣೆಗೆ ಬೇಕು, ನಾವು ಬಾಗಿಲು ತೆರೆದು ಸ್ವಾಗತಿಸುತ್ತೇವೆ. ಮಗು ಇದ್ದಕ್ಕಿದ್ದಂತೆ ಎರಡು ದಿನ ಮಾತು ಬಿಟ್ಟಾಗ, ಸ್ನಾನಕ್ಕೆ ಹೋಗಲು ಹೆದರಿದಾಗ, ನಮಗೆ ಬೇಕಾಗುವುದು ಬೇರೆ. ಏನು ಮಾಡಬೇಕೆಂದು ಹೇಳಬಲ್ಲ ಒಬ್ಬ ಮನುಷ್ಯರು ಜಿಲ್ಲಾ ಕೇಂದ್ರದಿಂದ ದೂರವಿರುವ ತಾಲ್ಲೂಕುಗಳಲ್ಲೂ ಸಿಗುವಂತಾಗಲಿ.

ಇನ್ನೊಂದು ಮಾತನ್ನು ಸಾರ್ವಜನಿಕರಿಗೆ ಹೇಳಬೇಕು, ಏಕೆಂದರೆ ಇದನ್ನು ಯಾರೂ ಬಿಡಿಸಿ ಹೇಳುವುದಿಲ್ಲ. ನಮ್ಮ ಹುಡುಗಿಗೆ ತಾಯಿ ಇದ್ದಾಳೆ. ತಿಂಗಳಿಗೊಮ್ಮೆ ಮಕ್ಕಳ ರಕ್ಷಣಾ ಘಟಕದ ಕೋಣೆಯೊಂದರಲ್ಲಿ ಭೇಟಿ. ಆಕೆ ಬರುವಾಗ ಕೊಬ್ಬರಿ ಎಣ್ಣೆಯ ಸಣ್ಣ ಬಾಟಲಿ, ಕೆಂಪು ರಿಬ್ಬನ್ನು, ಒಂದು ಪೊಟ್ಟಣ ಮಂಡಕ್ಕಿ ತರುತ್ತಾಳೆ. ಔಷಧಿಯಿಂದ ಕೈ ಸ್ವಲ್ಪ ನಡುಗುತ್ತದೆ. ಮಗಳನ್ನು ಎದುರಿಗೆ ಕೂರಿಸಿಕೊಂಡು, ಬೈತಲೆ ತೆಗೆದು, ಎರಡು ಜಡೆಗಳನ್ನು ಎಷ್ಟು ಬಿಗಿಯಾಗಿ ಹೆಣೆಯುತ್ತಾಳೆಂದರೆ ಹುಡುಗಿಯ ಹುಬ್ಬು ಮೇಲಕ್ಕೆ ಎಳೆದಂತಾಗುತ್ತದೆ. ನಾನು ಜಡೆ ಹೆಣೆದರೆ ನೋವಾಯಿತು ಎಂದು ಕೂಗುವ ಹುಡುಗಿ ಅಲ್ಲಿ ತುಟಿ ಬಿಚ್ಚುವುದಿಲ್ಲ. ಮರುದಿನ ಶಾಲೆಗೆ ಅದೇ ಜಡೆಯಲ್ಲಿ ಹೋಗುತ್ತಾಳೆ, ಬಿಚ್ಚಲು ಬಿಡುವುದಿಲ್ಲ. ಇದನ್ನು ನೋಡುವಾಗ ನನಗೆ ಹೊಟ್ಟೆ ಚುರ್ ಎನ್ನುವುದಿಲ್ಲ ಎಂದರೆ ಸುಳ್ಳು. ಆದರೂ ಆ ಭೇಟಿ ನಿಲ್ಲಬಾರದು. ಸಮಿತಿಗೆ ಮಗುವಿನ ಹಿತಕ್ಕೆ ವಿರುದ್ಧ ಎನ್ನಿಸದ ಹೊರತು ಹೆತ್ತವರು ಮಗುವನ್ನು ಕಾಣಬಹುದು ಎಂದು ಕಾಯ್ದೆ ಹೇಳಿರುವುದು ಸರಿಯಾಗಿದೆ. ಆಕೆ ಪೂರ್ತಿ ಗುಣವಾಗಿ ಮನೆ ಮಾಡಿಕೊಂಡರೆ ಹುಡುಗಿ ಅಲ್ಲಿಗೆ ಹೋಗಬೇಕು. ಈ ಮಾತಿಗೆ ಒಪ್ಪಿಯೇ ನಾವು ಸಹಿ ಹಾಕಿದ್ದೇವೆ.

ಆದ್ದರಿಂದ ದತ್ತಿನ ಸರದಿಯಲ್ಲಿ ವರ್ಷಗಟ್ಟಲೆ ಕಾದು ಬೇಸತ್ತವರು ಪೋಷಕತ್ವವನ್ನು ಒಳದಾರಿ ಎಂದುಕೊಂಡು ಬರಬಾರದು ಎಂದು ಕೈಮುಗಿದು ಕೇಳುತ್ತೇನೆ. 2024ರಲ್ಲಿ ಕೇಂದ್ರ ಸರ್ಕಾರ ಪೋಷಕತ್ವದ ಮಾರ್ಗಸೂಚಿಯನ್ನು ಪರಿಷ್ಕರಿಸಿತು. ಮೊದಲು ದಂಪತಿಗಳಿಗೆ ಮಾತ್ರ ಇದ್ದ ಅವಕಾಶ ಈಗ 35ರಿಂದ 60 ವಯಸ್ಸಿನ ಒಂಟಿ ವ್ಯಕ್ತಿಗಳಿಗೂ ಇದೆ: ಅವಿವಾಹಿತರು, ವಿಧವೆಯರು, ವಿಧುರರು, ವಿಚ್ಛೇದಿತರು ಎಲ್ಲರಿಗೂ. ಮಹಿಳೆ ಹೆಣ್ಣುಮಗುವನ್ನೂ ಗಂಡುಮಗುವನ್ನೂ ಪೋಷಿಸಬಹುದು. ಒಂಟಿ ಪುರುಷರಿಗೆ ಗಂಡುಮಕ್ಕಳು ಮಾತ್ರ. ಪೋಷಿಸಿದ ಮಗುವನ್ನು ದತ್ತು ಪಡೆಯಲು ಐದು ವರ್ಷ ಕಾಯಬೇಕಿದ್ದದ್ದು ಎರಡು ವರ್ಷಕ್ಕೆ ಇಳಿದಿದೆ. ಇವೆಲ್ಲ ಒಳ್ಳೆಯ ಬದಲಾವಣೆಗಳು. ತಾಯಿತಂದೆ ಮರಳಿ ಬರುವ ಸಾಧ್ಯತೆಯೇ ಇಲ್ಲದ ಮಗುವಿಗೆ ಎರಡು ವರ್ಷದ ಬಾಂಧವ್ಯ ಕಾಯಂ ಆಗುವುದು ನ್ಯಾಯ. ಆದರೆ ಮೊದಲ ದಿನದಿಂದಲೇ ದತ್ತಿನ ಲೆಕ್ಕ ಹಾಕಿಕೊಂಡು ಬಂದವರಿಗೆ ಎಣ್ಣೆ ಬಾಟಲಿ ಹಿಡಿದು ಬರುವ ಆ ತಾಯಿ ಶತ್ರುವಿನಂತೆ ಕಾಣುತ್ತಾಳೆ, ಅದು ಮಗುವಿಗೆ ಗೊತ್ತಾಗದೆ ಇರುವುದಿಲ್ಲ.

ಪೂರ್ಣಾವಧಿಯ ಹೊಣೆ ಹೊರಲು ಹೆದರುವವರಿಗೂ ದಾರಿ ಮಾಡಬಹುದು. ನೆರೆಯ ಕೇರಳದಲ್ಲಿ ಬೇಸಿಗೆ ರಜೆಯಲ್ಲಿ ಸಂಸ್ಥೆಗಳ ಮಕ್ಕಳನ್ನು ಆಯ್ದ ಕುಟುಂಬಗಳು ಮನೆಗೆ ಕರೆದೊಯ್ಯುವ ರಜಾಕಾಲದ ಪೋಷಕತ್ವ ನಡೆಯುತ್ತಿದೆ. ನಮ್ಮಲ್ಲೂ ಅದು ಜಿಲ್ಲೆ ಜಿಲ್ಲೆಗೆ ವ್ಯಾಪಿಸಲಿ. ಏಪ್ರಿಲ್ ಬಂದರೆ ಶಾಲೆಯ ಗೆಳತಿಯರೆಲ್ಲ ಅಜ್ಜಿಯ ಮನೆಗೆ ಹೋಗುವಾಗ ಬಾಲಮಂದಿರದ ಅಂಗಳದಲ್ಲೇ ಉಳಿಯುವ ಮಕ್ಕಳಿಗೆ ಮಾವಿನಹಣ್ಣಿನ ಸೀಕರಣೆ ತಿಂದು, ಕೆರೆ ನೋಡಿ, ಜಾತ್ರೆಯಲ್ಲಿ ಬಳೆ ಕೊಂಡು ಬರುವ ಒಂದು ತಿಂಗಳು ಸಿಗಲಿ. ಮನೆಯ ಪರಿಶೀಲನೆ, ಪೊಲೀಸ್ ವರದಿ ಮಾತ್ರ ಪೂರ್ತಿ ಪೋಷಕತ್ವಕ್ಕಿರುವಷ್ಟೇ ಕಟ್ಟುನಿಟ್ಟಾಗಿರಬೇಕು. ಮತ್ತು ಒಮ್ಮೆ ಕರೆದೊಯ್ದ ಕುಟುಂಬ ಮರುವರ್ಷವೂ ಅದೇ ಮಗುವನ್ನು ಕರೆಯುವಂತಿರಬೇಕು. ವರ್ಷಕ್ಕೊಂದು ಹೊಸ ಮನೆ ತೋರಿಸಿ ವಾಪಸು ಬಿಡುವುದಾದರೆ ಕರೆದೊಯ್ಯದಿರುವುದೇ ಲೇಸು.

ಓದುಗರಲ್ಲಿ ಯಾರಿಗಾದರೂ ಮನಸ್ಸಿದ್ದರೆ ಮೊದಲು ನಿಮ್ಮ ಜಿಲ್ಲೆಯ ಮಕ್ಕಳ ರಕ್ಷಣಾ ಘಟಕಕ್ಕೆ ಹೋಗಿ ಮಾತನಾಡಿ. ಎಲ್ಲಿದೆ ಎಂದು ತಿಳಿಯದಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ ಕೇಳಬಹುದು. ಮನೆಯಲ್ಲಿ ಎಲ್ಲರೂ ಒಪ್ಪಿದ ಮೇಲೆಯೇ ಹೋಗಿ, ಅತ್ತೆ ಮಾವ ಇದ್ದರೆ ಅವರೂ. ಅಕ್ಕ ತಂಗಿ, ಅಣ್ಣ ತಮ್ಮ ಜೊತೆಗಿರುವ ಮಕ್ಕಳಾದರೆ ಒಟ್ಟಿಗೆ ಕಳಿಸಲು ಸಮಿತಿ ಪ್ರಯತ್ನಿಸುತ್ತದೆ. ಇಬ್ಬರನ್ನು ಕರೆದುಕೊಳ್ಳಲು ಸಾಧ್ಯವೇ ಎಂದೂ ಮೊದಲೇ ಯೋಚಿಸಿ. ಯಾರ ಮನೆಗೂ ಕೂಸುಮಗು ಬರುವುದಿಲ್ಲ, ಪೋಷಕತ್ವಕ್ಕೆ ಬರುವವರು ಆರು ವರ್ಷ ದಾಟಿದ ಮಕ್ಕಳು. ಅವರಿಗೆ ತಮ್ಮದೇ ನೆನಪು, ಸಿಟ್ಟು, ಇಷ್ಟದ ಅಡುಗೆ ಎಲ್ಲ ಇರುತ್ತದೆ.

ಮಾನ್ಯ ಕಾರ್ಯದರ್ಶಿಗಳೇ, ಮೇ ಕೊನೆಯಲ್ಲಿ ಶಾಲೆಗಳು ತೆರೆಯುತ್ತವೆ. ಅಷ್ಟರೊಳಗೆ ಸುತ್ತೋಲೆ ಹೊರಟರೆ ಈ ವರ್ಷ ಹೊಸದಾಗಿ ಪೋಷಕ ಮನೆಗೆ ಬರುವ ಮಕ್ಕಳು ಪ್ರವೇಶದ ಕಿಟಕಿಯ ಮುಂದೆ ತಲೆ ತಗ್ಗಿಸಬೇಕಾಗುವುದಿಲ್ಲ. ಕರಡು ಬರೆಯಲು ಯಾರಾದರೂ ಬೇಕಿದ್ದರೆ, ಯಾವ ಕಚೇರಿಯಲ್ಲಿ ಯಾವ ಕಾಗದ ಕೇಳುತ್ತಾರೆ, ಯಾವ ಅಂಕಣದಲ್ಲಿ ಅರ್ಜಿ ನಿಂತುಬಿಡುತ್ತದೆ ಎಂಬುದನ್ನೆಲ್ಲ ಬರೆದು ಕೊಡಲು ನಾನು ಸಿದ್ಧಳಿದ್ದೇನೆ. ನನ್ನ ಹೆಸರು, ವಿಳಾಸ, ಆದೇಶದ ಪ್ರತಿ ಎಲ್ಲವನ್ನೂ ನಿಮ್ಮ ಕಚೇರಿಗೆ ಪ್ರತ್ಯೇಕ ಲಕೋಟೆಯಲ್ಲಿ ಕಳಿಸಿದ್ದೇನೆ.

ಇಂತಿ,
ಒಬ್ಬ ಪೋಷಕ ತಾಯಿ